ಕಂಬಾರ ಓಣಿಯ ಆರೂಮುಕ್ಕಾಲು

ನಮ್ಮೂರಿಗೆ ಏಳು ಓಣಿ, ಓಣಿಗೊಂದು ಹೊತ್ತು. ಕಂಬಾರ ಓಣಿಯಲ್ಲಿ ಬಿಸಿಲು ಬಿದ್ದು ಕುಲುಮೆಗೆ ಇದ್ದಿಲು ಸುರಿಯುವಾಗ ನೇಕಾರ ಓಣಿಯವರು ಇನ್ನೂ ಕತ್ತಲಲ್ಲಿ ಕೌದಿ ಹೊದ್ದು ಮಲಗಿರುತ್ತಾರೆ. ಓಣಿ ದಾಟಿದವರು ಗಡಿಯಾರ ತಿರುಗಿಸಿಕೊಳ್ಳುವ ಗೋಜಿಗೆ ಹೋಗುವುದಿಲ್ಲ, ಎದುರಿಗೆ ಸಿಕ್ಕವರನ್ನು ಕೇಳುತ್ತಾರೆ. ಹೊತ್ತು ಕೇಳುವುದು ನಮ್ಮಲ್ಲಿ ಕ್ಷೇಮ ಕೇಳಿದ ಹಾಗೆ. ಕಾಯಿಪಲ್ಲೆ ಮಾರುವ ಹುಸೇನಬಿ ಮುಂಜಾನೆ ಆರಕ್ಕೆ ಕಂಬಾರ ಓಣಿಯಲ್ಲಿ ಬುಟ್ಟಿ ಎತ್ತಿ, ಒಂದೂವರೆ ತಾಸು ತಿರುಗಿ ನೇಕಾರ ಓಣಿಗೆ ಬಂದು ಬುಟ್ಟಿ ಇಳಿಸಿದರೆ ಅಲ್ಲಿ ಮತ್ತೆ ಆರೇ ಆಗಿರುತ್ತಿತ್ತು. "ಎಲ್ಲಾರಿಗೂ ಒಂದು ಮುಂಜಾನಿ, ನನಗ ದೇವರು ಎರಡು ಕೊಟ್ಟಾನ" ಎಂದು ನಗುತ್ತಿದ್ದಳು. ಓಣಿ ದಾಟಿ ಬಂದ ಹೊಸ ಸೊಸೆಗೆ ಮೊದಲ ತಿಂಗಳು ಹೊತ್ತಿಗೆ ಸರಿಯಾಗಿ ಹಸಿವಾಗುವುದಿಲ್ಲ. ಅತ್ತೆಯಂದಿರು ಅದನ್ನು ಬಲ್ಲವರು. ಮುಚ್ಚಿಟ್ಟ ರೊಟ್ಟಿಯನ್ನು ಅವಳು ಕೇಳುವ ಮೊದಲೇ ತೆಗೆದುಕೊಡುತ್ತಾರೆ.

ಇನ್ನೊಂದು ಮಾತಿದೆ. ಹತ್ತು ವರ್ಷಕ್ಕೋ ಇಪ್ಪತ್ತು ವರ್ಷಕ್ಕೋ ಒಮ್ಮೆ ಯಾವುದಾದರೊಂದು ಓಣಿಯ ಹೊತ್ತು ಅತ್ತಲೋ ಇತ್ತಲೋ ಸರಿಯುತ್ತದೆ. ಮಲಗಿದ ಮಗು ಹೊರಳಿದ ಹಾಗೆ, ಸದ್ದಿಲ್ಲದೆ. ನಾವದಕ್ಕೆ ಹೊತ್ತು ಮಗ್ಗುಲಾಯಿತು ಅನ್ನುತ್ತೇವೆ. ಆ ದಿನ ಓಣಿಯವರು ದೇವರ ಮುಂದೆ ಒಂದು ಕಾಯಿ ಒಡೆದು, ಗಡಿಯಾರ ಸರಿ ಮಾಡಿಕೊಂಡು, ಕೆಲಸಕ್ಕೆ ಹೋಗುತ್ತಾರೆ. ಊರ ನಡುವಿನ ಕೆರೆಕಟ್ಟೆಯ ಹೊತ್ತು ಮಾತ್ರ ಯಾವ ಓಣಿಗೂ ಸೇರಿದ್ದಲ್ಲ, ಮಗ್ಗುಲೂ ಆಗುವುದಿಲ್ಲ. ಸಾಲೆ, ದವಾಖಾನೆ, ನಮ್ಮ ಕಚೇರಿ ನಡೆಯುವುದೆಲ್ಲ ಕೆರೆಕಟ್ಟೆಯ ಹೊತ್ತಿನ ಪ್ರಕಾರ.

ಆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಹೊತ್ತಿನ ಪುಸ್ತಕ ಬರೆದವನು ನಾನು, ಚನ್ನವೀರಪ್ಪ. ಹುಟ್ಟು, ಸಾವು, ಮದುವೆ ಮೂರನ್ನೂ ಬರೆಸಲು ಜನ ನನ್ನ ಮೇಜಿಗೆ ಬರುತ್ತಿದ್ದರು. ಪುಸ್ತಕದಲ್ಲಿ ಮೂರು ಮನೆ ಗೀಟು ಹಾಕಿರುತ್ತಿತ್ತು. ಹೇಳಿದ ಹೊತ್ತು, ಯಾವ ಓಣಿ, ಹೇಳಿದವರು ಯಾರು. ಹೇಳಿದವರು ಆ ಹೊತ್ತನ್ನು ಬಾಯಿಬಿಟ್ಟು ಹೇಳಬೇಕು, ನಾನು ಹಾಗೆಯೇ ಬರೆಯಬೇಕು. ನನಗಿಂತ ಮೊದಲಿದ್ದವರು ಹಾಗೆ ಮಾಡುತ್ತಿದ್ದರು, ನಾನೂ ಮಾಡಿದೆ. ಯಾಕೆ ಎಂದು ಕೇಳಿರಲಿಲ್ಲ. ದೇವರ ಮುಂದೆ ಕೈಮುಗಿಯುವಾಗ ಯಾಕೆ ಎಂದು ಕೇಳುತ್ತೇವೆಯೇ, ಇದೂ ಹಾಗೆಯೇ ಅಂದುಕೊಂಡಿದ್ದೆ.

ಪುಸ್ತಕವನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕು, ಹಾಕಿ ಮುಗಿದ ಪುಸ್ತಕಗಳನ್ನು ಕಟ್ಟು ಕಟ್ಟಿ ಕಳಿಸಬೇಕು ಎಂದು ಮೇಲಿನ ಕಚೇರಿಯಿಂದ ಕಾಗದ ಬಂದಾಗ, ಆ ಕೆಲಸಕ್ಕೆ ಕುಳಿತವಳು ನೀಲಗಂಗಾ. ನೇಕಾರ ಓಣಿಯ ಹುಡುಗಿ, ಇಪ್ಪತ್ತಾರು ವರ್ಷ, ಕಚೇರಿಗೆ ಬಂದು ಎರಡು ವರ್ಷವಾಗಿತ್ತು. ಎಳೆ ಕಡಿದರೆ ಮಗ್ಗ ನಿಲ್ಲಿಸಿ ಗಂಟು ಹಾಕಿಯೇ ಮುಂದೆ ಹೋಗುವ ಮನೆತನದ ರೀತಿ ಅವಳ ಕೈಯಲ್ಲಿತ್ತು. ನನ್ನನ್ನು ಕಾಕಾ ಅನ್ನುತ್ತಿದ್ದಳು.

"ಕಾಕಾ, ಡೇಟಾಬೇಸಿನ್ಯಾಗ ಈ ಹೊತ್ತು ಹೆಂಗ ಇಡೂದ್ರಿ?" ಎಂದು ಮೊದಲ ದಿನವೇ ಕೇಳಿದಳು.

"ಹೇಳಿದಂಗ ಇಡು."

"ಹೇಳಿದಂಗ ಇಟ್ರ ಅದಕ್ಕ ತಿಳಿಯೂದಿಲ್ರಿ. ಕಂಬಾರ ಓಣ್ಯಾಗ ಆರಕ್ಕ ಒಂದು ಕೂಸು ಹುಟ್ಟಿತು, ನಮ್ಮ ಓಣ್ಯಾಗ ಐದೂವರಿಗೆ ಒಂದು ಹುಟ್ಟಿತು. ಯಾವ್ದು ದೊಡ್ಡದು?"

"ಕಂಬಾರರದು. ಇದೇನು ಕೇಳೂ ಮಾತೇನು?"

"ನಿಮಗ ಗೊತ್ತೈತಿ. ಕಂಪ್ಯೂಟರು ಅಂಕಿ ನೋಡಿ ಐದೂವರಿದು ದೊಡ್ಡದು ಅಂತೈತಿ. ಅದಕ್ಕ ಎಲ್ಲಾನೂ ಕೆರೆಕಟ್ಟಿ ಹೊತ್ತಿಗೆ ತಿರುವಿ ಒಂದ ಕಾಲಂದಾಗ ಇಡ್ತೀನ್ರಿ. ಯಾವ ಓಣಿ ಎಷ್ಟು ಮುಂದ, ಎಷ್ಟು ಹಿಂದ ಅಂತ ಏಳು ಸಾಲಿಂದೊಂದು ಪಟ್ಟಿ. ಚೀಟಿ ಬೇಕಾದಾಗ ಆ ಪಟ್ಟಿ ನೋಡಿ, ಕೂಡಿಸಿ ಕಳದು, ಅದ ಓಣಿ ಹೊತ್ತು ಹೇಳತೈತಿ."

"ಹೇಳಿದವರ ಹೆಸರು?"

"ಅದು ಹಳೇ ರೂಢಿ ಅಲ್ರಿ. ಯಾತಕ್ಕ ಬೇಕದು?"

ಅವಳ ಪಟ್ಟಿ ನೋಡಿದೆ. ಅಚ್ಚುಕಟ್ಟಾಗಿ, ಏಳೇ ಸಾಲು. ಕಂಬಾರ ಓಣಿ ನಲವತ್ತು ನಿಮಿಷ ಮುಂದೆ, ನೇಕಾರ ಓಣಿ ಐವತ್ತು ನಿಮಿಷ ಹಿಂದೆ, ಹೀಗೆ. ನೂರಾರು ಪುಟ ಬರೆದ ನನಗೆ ಆ ಏಳು ಸಾಲು ಕಂಡು ಕಣ್ಣು ತಂಪಾಯಿತು. ಹೂಂ ಅಂದೆ. ಒಂದೊಂದು ಓಣಿಯದು ಮುಗಿದಂತೆ ಪುಸ್ತಕಗಳಿಗೆ ಕುಂಕುಮ ಹಚ್ಚಿ, ಕಟ್ಟು ಕಟ್ಟಿ, ನಾನೇ ಟೆಂಪೋ ಹತ್ತಿಸಿ ಕಳಿಸಿದೆ. ಮುಂದೆ ಆದ ತಪ್ಪಿನಲ್ಲಿ ನನ್ನ ಪಾಲು ಇಷ್ಟು, ಮೊದಲೇ ಹೇಳಿಬಿಡುತ್ತೇನೆ.

ಕಂಬಾರ ಓಣಿಯ ಪುಸ್ತಕ ಅರ್ಧ ಮುಗಿದಿದ್ದಾಗ ಆ ಓಣಿ ಮಗ್ಗುಲಾಯಿತು. ಹನ್ನೊಂದು ವರ್ಷದಿಂದ ಕೆರೆಕಟ್ಟೆಗಿಂತ ನಲವತ್ತು ನಿಮಿಷ ಮುಂದಿದ್ದದ್ದು ಒಂದು ಮುಂಜಾನೆ ಹದಿನೈದೇ ನಿಮಿಷ ಮುಂದೆ ಬಂದು ನಿಂತಿತು. ಓಣಿಯವರು ಕಾಯಿ ಒಡೆದರು. ನೀಲಗಂಗಾ ಪಟ್ಟಿಯಲ್ಲಿದ್ದ ನಲವತ್ತನ್ನು ಅಳಿಸಿ ಹದಿನೈದು ಮಾಡಿದಳು. "ನೋಡ್ರಿ ಕಾಕಾ, ಒಂದ ಅಂಕಿ ಬದಲ ಮಾಡಿದ್ನಿ, ಇಡೀ ಓಣಿ ಸರಿ ಆತು" ಅಂದಳು. ನಾವಿಬ್ಬರೂ ಆ ಖುಷಿಯಲ್ಲಿ ಒಂದೊಂದು ಕಪ್ ಚಹಾ ಕುಡಿದೆವು. ಉಳಿದರ್ಧ ಪುಸ್ತಕವನ್ನೂ ಅವಳು ವಾರದಲ್ಲಿ ಮುಗಿಸಿದಳು, ಅದೂ ಟೆಂಪೋ ಹತ್ತಿತು.

ನಮ್ಮೂರಲ್ಲಿ ತೀರಿಹೋದವರ ವರ್ಷದ ದಿನ, ಅವರು ಹೋದ ಹೊತ್ತಿಗೇ ಸರಿಯಾಗಿ ಮನೆಯಲ್ಲಿ ದೀಪ ಹಚ್ಚುತ್ತಾರೆ. ಆ ಹೊತ್ತಿಗೆ ಓಣಿಯವರೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಒಂದು ಗಳಿಗೆ ಸುಮ್ಮನಿರುತ್ತಾರೆ. ಯಾವ ದಿನ, ಯಾವ ಹೊತ್ತು ಎಂಬ ಚೀಟಿ ತಿಂಗಳ ಮೊದಲಿಗೆ ನಮ್ಮ ಕಚೇರಿಯಿಂದ ಮನೆಮನೆಗೆ ಹೋಗುತ್ತದೆ. ಆ ತಿಂಗಳು ಮೊದಲ ಸಲ ಕಂಪ್ಯೂಟರಿನ ಚೀಟಿ ಹೋದವು. ಎರಡನೆಯ ದಿನ ಬೆಳಗ್ಗೆ ಶರಣವ್ವ ಚೀಟಿ ಹಿಡಿದುಕೊಂಡು ಬಂದಳು.

ಶರಣವ್ವ ಕಂಬಾರ ಓಣಿಯ ಈರಪ್ಪನ ಹೆಂಡತಿ. ಈರಪ್ಪ ತೀರಿಹೋಗಿ ಮೂರು ವರ್ಷ. ಎಪ್ಪತ್ತು ದಾಟಿದ ಜೀವ, ಆದರೂ ಮಗನ ಕುಲುಮೆಗೆ ಇವತ್ತಿಗೂ ತಿದಿ ಒತ್ತಿ ಗಾಳಿ ಹಾಕುವವಳು. ಬಂದವಳು ನನ್ನ ಮೇಜಿನ ಮುಂದೆ ಕೂರದೆ ನಿಂತೇ ಕೇಳಿದಳು:

"ಚನ್ನವೀರಪ್ಪಣ್ಣ, ಈ ಚೀಟಿ ಬರದಾವ್ರು ಯಾರು?"

"ನಾನ ಆಯಿ" ಎಂದು ನೀಲಗಂಗಾ ಎದ್ದು ನಿಂತಳು.

"ನೀನೇನವ್ವ. ನನ್ನ ಗಂಡ ಹೋದ ಹೊತ್ತು ನನಗಿಂತ ನಿನಗ ಛಲೋ ಗೊತ್ತೈತೇನು? ಅವರು ಹೋದದ್ದು ಆರೂಮುಕ್ಕಾಲಿಗೆ. ಸೊಸಿ ಓದಿದ್ಳು, ಆರೂ ಇಪ್ಪತ್ತು ಅಂತ. ಓದಾಕ ಬರೂದಿಲ್ಲ ನಿನಗ, ಸಾಲಿಗೆ ಹೋಗಿ ಏನು ಮಾಡ್ದಿ ಅಂತ ಬೈದು ಎರಡು ಸಲ ಓದಿಸಿದ್ನಿ. ಸುಮ್ಮಸುಮ್ಮನ ಬೈಸಿಕೊಂಡ್ಳು ಪಾಪ."

ನೀಲಗಂಗಾ ಅವಳನ್ನು ಕೂರಿಸಿ, ಕಾಗದದ ಮೇಲೆ ಗೀಟು ಎಳೆದು ತಿಳಿಸಿ ಹೇಳಿದಳು. "ಆಯಿ, ನಿಮ್ಮ ಓಣಿ ಮಗ್ಗುಲಾತಲ್ಲ? ಆಗಿನ ಆರೂಮುಕ್ಕಾಲು ಅಂದ್ರ ಕೆರೆಕಟ್ಟ್ಯಾಗ ಆರೂ ಐದು. ಈಗ ಕೆರೆಕಟ್ಟ್ಯಾಗ ಆರೂ ಐದಾದಾಗ ನಿಮ್ಮ ಓಣ್ಯಾಗ ಆರೂ ಇಪ್ಪತ್ತು. ಹೊತ್ತು ಅದ ಐತ್ರಿ, ಕರಿಯೂ ಹೆಸರು ಅಷ್ಟ ಬ್ಯಾರೆ ಆಗೈತಿ."

ಶರಣವ್ವ ಆ ಗೀಟನ್ನು ನೋಡಿದಳು. ಆಮೇಲೆ ಸಾವಧಾನವಾಗಿ ಹೇಳಿದಳು:

"ನೀ ಶಾಣ್ಯಾಕಿ ಇದ್ದೀ, ನೀ ಹೇಳೂದು ಖರೆ ಇದ್ದೀತು. ನನ್ನ ಮಾತೂ ಒಂದೀಟು ಕೇಳು. ಅವರು ಹೋಗೂ ಮುಂದ ಒಮ್ಮೆ ಕಣ್ಣು ತೆರದ್ರು. 'ಹೊತ್ತೆಷ್ಟಾತು' ಅಂದ್ರು. ಐವತ್ತು ವರ್ಷ ದಿನಾ ಸಂಜೀಕ ಕೇಳೂ ಮಾತು ಅದು, ಕುಲುಮಿ ಆರಿಸಾಕ. ನಾ 'ಆರೂಮುಕ್ಕಾಲು' ಅಂದ್ನಿ. 'ಹೂಂ' ಅಂದ್ರು. ಅಷ್ಟ. ಹೋದ್ರು. ನಾ ಅವರಿಗೆ ಹೇಳಿದ ಕಡೀ ಮಾತು ಅದು. ಕೆರೆಕಟ್ಟ್ಯಾಗ ಎಷ್ಟಾಗಿತ್ತು ಅನ್ನೂದು ಅವರಿಗೂ ಬೇಕಾಗಿರಲಿಲ್ಲ, ನನಗೂ ಬೇಕಾಗಿರಲಿಲ್ಲ. ಆರೂ ಇಪ್ಪತ್ತು ಅಂತ ನಾ ಹೇಳೇ ಇಲ್ಲವ್ವ."

ನೀಲಗಂಗಾ ಗೀಟು ಎಳೆದ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟಳು.

"ನಾ ಇರೂತನಕ ನನಗ ನೆನಪೈತಿ" ಎಂದು ಶರಣವ್ವ ಸೆರಗು ಸರಿಮಾಡಿಕೊಂಡು ಎದ್ದಳು. "ಮುಂದ ನಿಮ್ಮ ಮಿಷನ್ನು ಏನು ಹೇಳತೈತೋ ಅದ ಖರೆ ಆಗತೈತಿ. ಅದಕ್ಕ ಬಂದ್ನಿ. ಇಪ್ಪತ್ತಮೂರಕ್ಕ ದೀಪ. ಅಷ್ಟರಾಗ ತಿದ್ದಿ ಕೊಡ್ರಿ."

ಅವಳು ಹೋದ ಮೇಲೆ ನೀಲಗಂಗಾ ಕಂಬಾರ ಓಣಿಯ ಹೊತ್ತುಗಳನ್ನು ಪರದೆಯ ಮೇಲೆ ಒಂದೊಂದಾಗಿ ತೆಗೆದು ನೋಡಿದಳು. ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿದಳು.

"ಪಟ್ಟ್ಯಾಗ ಮತ್ತ ನಲವತ್ತು ಇಟ್ರ ಆಯೀದು ಸರಿ ಆಗತೈತ್ರಿ ಕಾಕಾ. ಆದ್ರ ನಿನ್ನೆ ಹುಟ್ಟಿದ ಕೂಸಿಂದು ತಪ್ಪತೈತಿ. ಇನ್ನೂ ಒಂದು ಐತಿ. ಓಣಿ ಮಗ್ಗುಲಾದ ಮ್ಯಾಲೆ ಅರ್ಧ ಪುಸ್ತಕ ಹಾಕಿದ್ನಲ್ಲ, ಆ ಹಳೇ ಹೊತ್ತಿಗೆಲ್ಲ ಹೊಸಾ ಹದಿನೈದು ಕಳದೈತಿ. ಮೊದಲಿನರ್ಧಕ್ಕ ನಲವತ್ತು ಕಳದೈತಿ. ಯಾವ್ದು ಯಾವ ಅರ್ಧದ್ದು ಅಂತ ಎಲ್ಲೂ ಬರದಿಲ್ಲ. ಹೇಳಿದ ಹೊತ್ತು ನಾ ಇಟ್ಟಿದ್ರ ತಾನ ಸಿಗೂದು? ಬರೇ ಲೆಕ್ಕದ ಉತ್ತರ ಇಟ್ನಿ." ಸ್ವಲ್ಪ ತಡೆದು ಅಂದಳು, "ಒಂದ ಅಂಕಿ ಇಟ್ಕೊಂಡು ಎರಡು ಕಾಲ ಆಳಾಕ ಹೋದ್ನಿ."

ಪುಸ್ತಕಗಳು ಮೇಲಿನ ಕಚೇರಿಯ ಗೋದಾಮಿನಲ್ಲಿದ್ದವು. ಅಲ್ಲಿಂದ ಹೊರಬರಲು ಮೂರು ತಿಂಗಳಾದರೂ ಬೇಕು. ದೀಪಕ್ಕೆ ಉಳಿದದ್ದು ಇಪ್ಪತ್ತೊಂದು ದಿನ. ನಾನು ಯೋಚಿಸಿ ಹೇಳಿದೆ: "ತಪ್ಪು ನಂದು ಅಂತ ಬರದು ಕೊಡ್ತೀನಿ ತಂಗಿ. ನಂದೇನು, ಇನ್ನ ನಾಕು ತಿಂಗಳಿಗೆ ನಿವೃತ್ತಿ. ನಿಂದು ಈಗ ಸುರು."

"ಬ್ಯಾಡ್ರಿ" ಅಂದಳು. "ನಿಮ್ಮ ಪುಸ್ತಕ ಸರಿ ಇತ್ತು ಅನ್ನೂದು ಏಳೂ ಓಣಿಗೆ ಗೊತ್ತೈತಿ. ನೀವು ತಪ್ಪು ಅಂದ್ರ ಯಾರೂ ನಂಬೂದಿಲ್ಲ."

ಮರುದಿನ ಕಂಬಾರ ಓಣಿಯಲ್ಲಿ ಊಟಕ್ಕೆಂದು ಸುತ್ತಿಗೆ ನಿಂತ ಹೊತ್ತಿಗೆ ಅವಳು ಮೂಲೆಮನೆಯ ಕಟ್ಟೆಯ ಮುಂದೆ ಹೋಗಿ ನಿಂತಳು. ನಾನೂ ಹಿಂದೆ ಇದ್ದೆ. ಕೈಯಲ್ಲಿ ಹೊಸದೊಂದು ಉದ್ದನೆಯ ನೋಟುಬುಕ್ಕು. ಏನೂ ಮುಚ್ಚಿಡದೆ, ಏನೂ ಹಚ್ಚಿ ಹೇಳದೆ, ತನ್ನಿಂದ ಹೀಗೆ ಆಗಿದೆ, ನಿಮ್ಮ ಮನೆಯ ಹೊತ್ತುಗಳನ್ನು ನೀವು ಮತ್ತೆ ಹೇಳಿದರೆ ಬರೆದುಕೊಳ್ಳುತ್ತೇನೆ ಅಂದಳು.

"ಕಂಪ್ಯೂಟರು ತಪ್ಪೂದಿಲ್ಲ ಅಂತಿದ್ರಲ್ಲ?" ಎಂದು ಒಬ್ಬಾಕೆ ಬಾಗಿಲಲ್ಲೇ ನಿಂತು ಚುಚ್ಚಿದಳು.

"ಅದು ತಪ್ಪಿಲ್ರಿ ಅಕ್ಕಾರ. ನಾ ಹೇಳಿದಂಗ ಮಾಡೈತಿ" ಅಂದಳು ನೀಲಗಂಗಾ.

ಆಮೇಲೆ ಮೂಲೆಮನೆಯ ಮುದುಕ, ಕುಡಗೋಲು ಬಡಿಯುವ ಮೌನೇಶಪ್ಪ, ಕಟ್ಟೆಯ ಮೇಲಿದ್ದ ಇಕ್ಕಳ, ಚಿಮಟ ಎಲ್ಲ ಒಂದು ಕಡೆ ಸರಿಸಿ ಜಾಗ ಮಾಡಿದ. "ಕುಂಡ್ರು ಬಾ. ಒಬ್ಬಾಕಿ ಬಂದು ತಪ್ಪು ನಂದು ಅಂದದ್ದು ನಾ ಈ ವಯಸ್ಸಿನ್ಯಾಗ ಮೊದಲನೇ ಸಲ ಕೇಳಿದ್ದು. ನನ್ನ ಹೇಣ್ತಿ ಇನ್ನೂ ಒಮ್ಮೆನೂ ಅಂದಿಲ್ಲ." ಒಳಗಿನಿಂದ ಅವನ ಹೆಂಡತಿ ಕೂಗಿದಳು: "ತಪ್ಪಿದ್ರ ಅಂತಿದ್ನಿ." ಓಣಿಯೇ ನಕ್ಕಿತು. ಬರೆಯುವುದು ಶುರುವಾಯಿತು.

ಎಂಬತ್ತಾರು ಮನೆ. ಹದಿನಾರು ದಿನ. ಅವಳು ನೋಟುಬುಕ್ಕಿನಲ್ಲಿ ನಾಲ್ಕು ಕಾಲಂ ಗೀಟು ಹಾಕಿದ್ದಳು. ಮೂರು ನನ್ನ ಪುಸ್ತಕದವೇ: ಹೇಳಿದ ಹೊತ್ತು, ಓಣಿ, ಹೇಳಿದವರು. ನಾಲ್ಕನೆಯದು ಅವಳದು: ಆ ದಿನ ಓಣಿ ಕೆರೆಕಟ್ಟೆಗಿಂತ ಎಷ್ಟು ಮುಂದಿತ್ತು, ಎಷ್ಟು ಹಿಂದಿತ್ತು. ಪ್ರತಿಯೊಂದು ಹೊತ್ತೂ ತನ್ನ ಅಂತರವನ್ನು ತಾನೇ ಹೊತ್ತುಕೊಂಡಿರಬೇಕು, ಮುಂದೆ ಓಣಿ ನೂರು ಸಲ ಮಗ್ಗುಲಾದರೂ ಹಿಂದಿನದು ಅಲುಗಬಾರದು. ಹೇಳಿದವರ ಹೆಸರು ಯಾಕೆ ಬೇಕೆಂಬುದು ಆಗ ನನಗೆ ತಿಳಿಯಿತು. ಎರಡು ಮಾತು ಬೇರೆಬೇರೆಯಾದಾಗ ಹೋಗಿ ಕೇಳಲು ಒಂದು ಬಾಗಿಲು ಬೇಕು. ಮೂವತ್ತನಾಲ್ಕು ವರ್ಷ ಕೈಮುಗಿದ ಮೂರ್ತಿಯ ಮುಖ ಅವತ್ತು ಮೊದಲ ಸಲ ಕಂಡಂತಾಯಿತು.

ಜನ ಹೊತ್ತು ಹೇಳುತ್ತ ಹೊತ್ತನ್ನು ಮಾತ್ರ ಹೇಳುತ್ತಿರಲಿಲ್ಲ. ಮಗ ಹುಟ್ಟಿದಾಗ ಎತ್ತಿಗೆ ಲಾಳ ಕಟ್ಟುತ್ತಿದ್ದದ್ದು, ಅವ್ವ ಹೋದಾಗ ರೊಟ್ಟಿ ಹಂಚಿನ ಮೇಲೇ ಉಳಿದದ್ದು ಎಲ್ಲ ಬರುತ್ತಿತ್ತು. ನೀಲಗಂಗಾ ಯಾರನ್ನೂ ಅವಸರ ಮಾಡಲಿಲ್ಲ. ಕೇಳಿ, ಬರೆದು, ಬರೆದದ್ದನ್ನು ಓದಿ ತೋರಿಸಿ, ಅವರು ಹೂಂ ಅಂದ ಮೇಲೆಯೇ ಎದ್ದಳು. ಅವಳ ಹಿಂದೆ ನೀರಿನ ಬಾಟಲಿ ಹಿಡಿದು ನಡೆಯುವಾಗ ನನಗೆ ಆದ ಹೆಮ್ಮೆ ಹೇಳತೀರದು. ಶಿವ ಎಲ್ಲ ಓಣಿಯ ಹೊತ್ತನ್ನೂ ಒಟ್ಟಿಗೇ ಬಲ್ಲ. ನಮಗೆ ಆ ಶಕ್ತಿಯಿಲ್ಲ, ನಮ್ಮವರು ಹೇಳಿದ್ದನ್ನು ಕೆಡದಂತೆ ಇಡುವುದಷ್ಟೇ ನಮ್ಮ ಪೂಜೆ. ಆ ಪೂಜೆ ಅವಳ ಕೈಗೆ ಬಂದಿತ್ತು.

ಇಪ್ಪತ್ತೆರಡರಂದು ಮೇಲಿನ ಕಚೇರಿಯಿಂದ ವಾಮನರಾಯರು ಬಂದರು. ತಪ್ಪಾಗಿದೆ ಎಂದು ನೀಲಗಂಗಾ ತಾನೇ ಬರೆದ ಕಾಗದ ಅವರ ಕೈಯಲ್ಲಿತ್ತು. ನೋಟುಬುಕ್ಕಿನದನ್ನೆಲ್ಲ ಅವಳು ಅಷ್ಟರಲ್ಲಿ ಕೆರೆಕಟ್ಟೆಯ ಹೊತ್ತಿನ ಸಮೇತ ಕಂಪ್ಯೂಟರಿಗೆ ಹಾಕಿದ್ದಳು. ಅವರು ಈ ಹೊಸ ವ್ಯವಸ್ಥೆ ಒಪ್ಪದಿದ್ದರೆ ಹಳೆಯದೇ ನಿಲ್ಲುತ್ತದೆ, ಶರಣವ್ವನ ಚೀಟಿಯಲ್ಲಿ ಆರೂ ಇಪ್ಪತ್ತೇ ಉಳಿಯುತ್ತದೆ. ರಾಯರು ಕನ್ನಡಕ ಏರಿಸಿ ಪರದೆ ನೋಡಿದರು.

"ಒಂದು ಕಾಲಂ ಸಾಕಿತ್ತಲ್ಲವಾ? ಇಷ್ಟ್ಯಾಕ?"

"ಯಾವ್ದು ಮೊದಲು, ಯಾವ್ದು ಆಮ್ಯಾಲೆ ಅನ್ನಾಕ ಒಂದ ಸಾಕ್ರಿ ಸಾಹೇಬ್ರ. ಮಂದಿ ಏನು ಹೇಳಿದ್ರು ಅನ್ನಾಕ ಸಾಲೂದಿಲ್ಲ. ಎರಡೂ ಬೇಕು."

"ಇಲ್ಲಿ ಬಡಿಗೇರ ಓಣಿ ಲಗ್ನದ ಮುಂದ ಕೆರೆಕಟ್ಟಿ ಹೊತ್ತು ಖಾಲಿ ಬಿಟ್ಟೀಯಲ್ಲ. ಮರತೇನು?"

"ಇಲ್ರಿ, ಬೇಕಂತ ಬಿಟ್ಟೀನಿ. ಅದು ಮುಂದಿನ ಶ್ರಾವಣದಾಗ ಆಗೂದು. ಒಂಬತ್ತೂವರಿ ಅಂತ ಹಿರ್ಯಾರು ಹೇಳ್ಯಾರ. ಅಷ್ಟರಾಗ ಆ ಓಣಿ ಮಗ್ಗುಲಾದ್ರೂ ಅಕ್ಕಿಕಾಳು ಬೀಳೂದು ಅವರ ಒಂಬತ್ತೂವರಿಗೇ ಹೊರತು ನನ್ನ ಲೆಕ್ಕಕ್ಕಲ್ಲ. ಆಗಿ ಹೋದದ್ದಕ್ಕ ಅಂತರ ಬರೀತೀನಿ. ಆಗಬೇಕಾದ್ದಕ್ಕ ಹೇಳಿದ್ದಷ್ಟ ಬರದು, ಆ ದಿನ ಬರೂತನಕ ಕಾಯ್ತೀನಿ."

ರಾಯರು ಸೋಲೊಪ್ಪಲು ಸಿದ್ಧರಿರಲಿಲ್ಲ. "ಜಾಗ ಬಾಳ ತಿಂತದಲ್ಲ ಮತ್ತ?"

"ಏಳೂ ಓಣಿಯವರ ನಾಕು ತಲಿಮಾರು ಕೂಡಿಸಿದ್ರೂ ನಿಮ್ಮ ಫೋನಿನಾಗಿನ ಮೊಮ್ಮಗನ ಫೋಟೋಗಳಷ್ಟು ಆಗೂದಿಲ್ರಿ."

ರಾಯರು ನಕ್ಕುಬಿಟ್ಟರು. ನಗುತ್ತಲೇ ಸಹಿ ಹಾಕಿದರು. ಉಳಿದ ಓಣಿಗಳ ಪುಸ್ತಕ ವಾಪಸು ಕಳಿಸಲು ತಾವೇ ಹೇಳುವುದಾಗಿ ಮಾತು ಕೊಟ್ಟರು. ಆ ಸಂಜೆ ನೀಲಗಂಗಾ ಶರಣವ್ವನ ಚೀಟಿಯನ್ನು ತಾನೇ ಒಯ್ದು ಕೊಟ್ಟಳು. ಹೊಸ ಚೀಟಿಯಲ್ಲಿ ಹೊತ್ತಿನ ಕೆಳಗೆ ಒಂದು ಸಾಲು ಹೆಚ್ಚಿತ್ತು. ಸೊಸೆ ಓದಿದಳು: "ಆರೂಮುಕ್ಕಾಲು. ಹೇಳಿದವರು, ಶರಣವ್ವ ಈರಪ್ಪ ಕಂಬಾರ." ಶರಣವ್ವ ಆ ಸಾಲಿನ ಮೇಲೆ ಬೆರಳಿಟ್ಟು, ಇದು ನನ್ನ ಹೆಸರೇನು ಎಂದು ಕೇಳಿ, ಇನ್ನೊಮ್ಮೆ ಓದಿಸಿದಳು. ಈ ಸಲ ಸೊಸೆಗೆ ಬೈಗುಳ ಬೀಳಲಿಲ್ಲ.

ಇಪ್ಪತ್ತಮೂರರ ಸಂಜೆ ನಾವಿಬ್ಬರೂ ಕಂಬಾರ ಓಣಿಯಲ್ಲಿದ್ದೆವು. ಆರೂ ಇಪ್ಪತ್ತಕ್ಕೆ ಎಲ್ಲ ಕುಲುಮೆಗಳೂ ಉರಿಯುತ್ತಿದ್ದವು, ಯಾರೂ ತಲೆ ಎತ್ತಲಿಲ್ಲ. ಆರೂಮುಕ್ಕಾಲಿಗೆ ಒಂದು ಸುತ್ತಿಗೆ ನಿಂತಿತು, ಅದರ ಪಕ್ಕದ್ದು ನಿಂತಿತು, ಆಮೇಲೆ ಓಣಿಗೆ ಓಣಿಯೇ. ಕಾದ ಕಬ್ಬಿಣ ನೀರಿನಲ್ಲಿ ಸುಂಯ್ ಅನ್ನುವುದೊಂದೇ ಕೇಳುತ್ತಿತ್ತು. ಒಳಗೆ ಶರಣವ್ವ ಬತ್ತಿ ಸರಿಮಾಡಿ ದೀಪ ಹಚ್ಚಿದಳು. ಏನೋ ಅಂದಳು, ನಮಗೆ ಕೇಳಿಸಲಿಲ್ಲ. ಅದು ನಮಗೆ ಹೇಳಿದ್ದೂ ಅಲ್ಲ.

ಮಾರನೆಯ ದಿನ ಕಚೇರಿ ಬಾಗಿಲು ತೆಗೆಯುವಾಗ ಮೆಟ್ಟಿಲ ತುಂಬ ಜನ. ಬಡಿಗೇರ ಓಣಿ, ಗಾಣಿಗರ ಓಣಿ, ನೇಕಾರ ಓಣಿ, ಎಲ್ಲ ಕಡೆಯವರು. ಪುಸ್ತಕ ಬರುವತನಕ ಕಾಯುವುದಿಲ್ಲ, ನಮ್ಮ ಹೊತ್ತು ನಾವು ಹೇಳಿಯೇ ಬರೆಸುತ್ತೇವೆ ಎಂದು ಬಂದಿದ್ದರು. ಸಾಲು ನೀಲಗಂಗಾಳ ಮೇಜಿನಿಂದ ಕೆರೆಕಟ್ಟೆಯವರೆಗೆ ಹೋಗಿತ್ತು. ನನ್ನ ಮೇಜಿನ ಮುಂದೆ ಯಾರೂ ಇಲ್ಲ. ಗಾಣಿಗರ ಓಣಿಯ ಗುರುಬಸಯ್ಯನವರು ಕೋಲೂರಿ ನಿಂತದ್ದು ನೋಡಲಾರದೆ ನಾನು ಕುರ್ಚಿ ಒರೆಸಿ ಕರೆದೆ: "ಇಲ್ಲಿ ಬರ್ರಿ ಅಜ್ಜಾರ, ನಾ ಬರಕೊಂಡು ಆಕೀಗೆ ಕೊಡ್ತೀನಿ."

ಅವರು ನನ್ನನ್ನೂ ಕುರ್ಚಿಯನ್ನೂ ನೋಡಿದರು. "ಬ್ಯಾಡ ಬಿಡಪ್ಪ. ಆಕೀ ಮುಂದನ ಹೇಳತೀನಿ. ಆಕಿ ಬರದು, ಓದಿ ತೋರಸ್ತಾಳಂತ."

ಮೂವತ್ತನಾಲ್ಕು ವರ್ಷದಲ್ಲಿ ಯಾರೂ ನನ್ನ ಮೇಜು ದಾಟಿ ಹೋದದ್ದಿಲ್ಲ. ಮನಸ್ಸು ಹಗುರಾಯಿತು. ಕುರ್ಚಿಯನ್ನು ಎತ್ತಿಕೊಂಡು ಹೋಗಿ ಸಾಲಿನಲ್ಲೇ ಅವರಿಗೆ ಹಾಕಿಕೊಟ್ಟೆ. ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಸುಮ್ಮನೆ ನಿಂತಿದ್ದಾಗ ಒಂದು ವಿಚಾರ ಹೊಳೆಯಿತು. ನಮ್ಮಪ್ಪ ಹೋದದ್ದು, ನನ್ನ ಮಗಳು ಹುಟ್ಟಿದ್ದು, ನನ್ನ ಮನೆಯ ಹೊತ್ತುಗಳನ್ನೆಲ್ಲ ಪುಸ್ತಕದಲ್ಲಿ ಬರೆದವನೂ ನಾನೇ, ಹೇಳಿದವನೂ ನಾನೇ. ಇನ್ನೊಬ್ಬರ ಮುಂದೆ ಕೂತು ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಹೊರಗೆ ಹೋಗಿ ಸಾಲಿನ ತುದಿಯಲ್ಲಿ ನಿಂತೆ. ನನ್ನ ಮುಂದೆ ನಲವತ್ತೊಂದು ಜನ ಇದ್ದರು.